ವಿ-ಬೆಲ್ಟ್ ಬಾಳಿಕೆ ಬರುವಂತೆ ಹಾಕುವುದು ಹೇಗೆ?

ಮೆಂಟೆನೆನ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ, ಮೋಟಾರಿನಿಂದ ಯಂತ್ರಕ್ಕೆ ಓಟ ಕೊಡುವ ವಿ-ಬೆಲ್ಟ್ ಹಾಕುವುದನ್ನು ಕಲಿಸುವಾಗ ನಾನು ಮೊದಲೇ ಸ್ಪ್ಯಾನರ್ ಕೊಡುವುದಿಲ್ಲ. ಹಳೇ ಬೆಲ್ಟಿನ ಒಂದು ತುಂಡು ಕತ್ತರಿಸಿ ಕೈಗೆ ಕೊಡುತ್ತೇನೆ. ಕತ್ತರಿಸಿದ ಕಡೆ ನೋಡಿ. ಮೇಲೆ ಅಗಲ, ಕೆಳಗೆ ಕಿರಿದು. ಮೇಲ್ಭಾಗದ ಹತ್ತಿರ ಸಾಲಾಗಿ ಚುಕ್ಕಿ ಚುಕ್ಕಿ ಕಾಣುವುದು ನೂಲಿನ ಹುರಿ. ಅದರ ಕೆಳಗೆ ರಬ್ಬರ್, ಸುತ್ತಲೂ ಬಟ್ಟೆ. ಎಳೆತವನ್ನೆಲ್ಲ ಹೊರುವುದು ಆ ಹುರಿ. ಪುಲ್ಲಿಯನ್ನು, ಅಂದರೆ ಬೆಲ್ಟ್ ಕೂರುವ ಗಾಲಿಯನ್ನು, ಹಿಡಿಯುವುದು ಎರಡು ಪಕ್ಕಗಳು. ತಳ ಪುಲ್ಲಿಗೆ ತಾಗಲೇಬಾರದು.

ಈ ಆಕಾರದ ಹಿಂದೆ ಗೇಟ್ಸ್ ಕಂಪನಿಯ ಕಥೆ ಇದೆ. 1911ರಲ್ಲಿ ಚಾರ್ಲ್ಸ್ ಗೇಟ್ಸ್ ಅಮೆರಿಕದ ಡೆನ್ವರ್‌ನಲ್ಲಿ ಕೊಲರಾಡೊ ಟೈರ್ ಅಂಡ್ ಲೆದರ್ ಎಂಬ ಕಂಪನಿಯನ್ನು ಕೊಂಡುಕೊಂಡರು. ಆಗ ಅವರು ಮಾರುತ್ತಿದ್ದದ್ದು ಕಾರಿನ ಟೈರಿನ ಮೇಲೆ ಹಾಕುವ, ಉಕ್ಕಿನ ಮೊಳೆ ಬಡಿದ ಚರ್ಮದ ಪಟ್ಟಿ. 1917ರಲ್ಲಿ ಅವರ ಸೋದರ ಜಾನ್ ಗೇಟ್ಸ್ ರಬ್ಬರ್ ಮತ್ತು ನೂಲು ಸೇರಿಸಿ ವಿ-ಬೆಲ್ಟ್ ಮಾಡಿದರು. ಅಲ್ಲಿಯವರೆಗೆ ಯಂತ್ರಗಳನ್ನು ಹೆಚ್ಚಾಗಿ ಓಡಿಸುತ್ತಿದ್ದದ್ದು ಚಪ್ಪಟೆ ಚರ್ಮದ ಬೆಲ್ಟು, ಇಲ್ಲವೇ ಹಗ್ಗ. ಚಪ್ಪಟೆ ಬೆಲ್ಟ್ ಜಾರಬಾರದು ಅಂದರೆ ಜಾಸ್ತಿ ಬಿಗಿ ಬೇಕು. ಬಿಗಿ ಮಾಡಿದಷ್ಟೂ ಪುಲ್ಲಿಯ ಶಾಫ್ಟನ್ನು ಹೊರುವ ಬೇರಿಂಗಿನ ಮೇಲೆ ಹೊರೆ. ವಿ-ಬೆಲ್ಟ್ ಪುಲ್ಲಿಯ ಗ್ರೂವಿನೊಳಗೆ, ಅಂದರೆ ಅದರ ಸುತ್ತಲಿನ ತೋಡಿನೊಳಗೆ, ಬೆಣೆಯ ಹಾಗೆ ಕಚ್ಚಿಕೊಳ್ಳುತ್ತದೆ. ಪಕ್ಕಗಳ ಕೋನ ಸುಮಾರು 40 ಡಿಗ್ರಿ. ಲೆಕ್ಕ ಹಾಕಿದರೆ ಅಷ್ಟೇ ಬಿಗಿಗೆ ಹಿಡಿತ ಹತ್ತಿರ ಹತ್ತಿರ ಮೂರು ಪಟ್ಟು! ಟೈರಿನ ಪಟ್ಟಿ ಮಾಡುತ್ತಿದ್ದವರು ಬೆಲ್ಟಿಗೆ ಹೆಸರಾದದ್ದು ಹೀಗೆ.

ಈಗ ಕೆಲಸಕ್ಕೆ ಬರೋಣ. ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಬೆಲ್ಟ್ ಮುಚ್ಚಿರುವ ಗಾರ್ಡ್ ತೆಗೆದು, ಮೋಟಾರಿನ ಬೋಲ್ಟ್ ಸಡಿಲ ಮಾಡಿ, ಮೋಟಾರನ್ನು ಇನ್ನೊಂದು ಪುಲ್ಲಿಯ ಕಡೆಗೆ ಸರಿಸಿ. ಬೆಲ್ಟ್ ಬರೀ ಕೈಯಲ್ಲೇ ಹೊರಗೆ ಬರಬೇಕು, ಬರೀ ಕೈಯಲ್ಲೇ ಒಳಗೆ ಹೋಗಬೇಕು. ಸ್ಕ್ರೂಡ್ರೈವರ್ ಅಥವಾ ರಾಡ್ ಹಾಕಿ ಮೀಟಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಮಾಧಾನ ಇಲ್ಲ. ಮೀಟಿದಾಗ ಒಂದು ಪಕ್ಕದ ಹುರಿ ಒಳಗೊಳಗೇ ಹರಿಯುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಆಮೇಲೆ ಬೆಲ್ಟ್ ಗ್ರೂವಿನಲ್ಲಿ ಮಗುಚಿಕೊಳ್ಳುತ್ತದೆ. ಆಗ ಬೆಲ್ಟೇ ಕಳಪೆ ಅಂತ ಸುಮ್ನೆ ಬೈಯುತ್ತಾರೆ.

ಹೊಸ ಬೆಲ್ಟ್ ತರುವ ಮುಂಚೆ ಹಳೆಯದರ ಮೇಲಿನ ನಂಬರ್ ಓದಿಕೊಳ್ಳಿ. ಬಿ 52 ಅಂದರೆ ಮೇಲಿನ ಅಗಲ 17 ಮಿ.ಮೀ., ದಪ್ಪ 11 ಮಿ.ಮೀ., ಒಳಸುತ್ತಳತೆ 52 ಇಂಚು. ಎ ಸೈಜಿನದು 13 ಮತ್ತು 8.

ಆಮೇಲೆ ಗ್ರೂವಿನ ತಳಕ್ಕೆ ಟಾರ್ಚ್ ಬಿಟ್ಟು ನೋಡಿ. ತಳ ಫಳಫಳ ಹೊಳೆಯುತ್ತಿದೆಯಾ? ಹಾಗಾದರೆ ಗ್ರೂವಿನ ಪಕ್ಕಗಳೋ ಬೆಲ್ಟೋ ಸವೆದು, ಬೆಲ್ಟ್ ಕೆಳಗಿಳಿದು ತಳಕ್ಕೆ ಉಜ್ಜುತ್ತಿತ್ತು ಅಂತ ಅರ್ಥ. ಬೆಣೆಯೇ ಇಲ್ಲದ ಮೇಲೆ ಹಿಡಿತ ಎಲ್ಲಿಂದ ಬರಬೇಕು, ಅಲ್ವಾ? ಹೊಸ ಬೆಲ್ಟ್ ಕೂರಿಸಿ ನೋಡಿ. ಅದೂ ತಳ ಮುಟ್ಟಿದರೆ ಪುಲ್ಲಿಯನ್ನೇ ಬದಲಿಸಿ. ಒಂದೇ ಪುಲ್ಲಿಯಲ್ಲಿ ಮೂರ್ನಾಲ್ಕು ಬೆಲ್ಟ್ ಇದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಹಳೆಯದು ಹಿಗ್ಗಿರುತ್ತದೆ, ಹೊರೆಯೆಲ್ಲ ಹೊಸದರ ಮೇಲೆ ಬೀಳುತ್ತದೆ.

ಎರಡೂ ಪುಲ್ಲಿಯ ಮುಖಕ್ಕೆ ದಾರ ಎಳೆದು ಹಿಡಿದು, ಸಾಲು ಸರಿ ಇದೆಯಾ ನೋಡಿ. ಮೋಟಾರನ್ನು ಹಿಂದಕ್ಕೆ ಸರಿಸಿ ಬಿಗಿ ಮಾಡುವಾಗ ಎರಡು ಪುಲ್ಲಿಗಳ ನಡುವೆ ಬೆಲ್ಟಿನ ಉದ್ದ ಅಳೆಯಿರಿ. ಒಂದು ಮೀಟರಿಗೆ 16 ಮಿ.ಮೀ. ಲೆಕ್ಕ. ಅರ್ಧ ಮೀಟರ್ ಇದ್ದರೆ ಮಧ್ಯದಲ್ಲಿ ಒತ್ತಿದಾಗ 8 ಮಿ.ಮೀ. ಬಗ್ಗಬೇಕು. ಎಷ್ಟು ಬಲ ಹಾಕಿ ಒತ್ತಬೇಕು ಅನ್ನುವುದು ತಯಾರಕರ ಚಾರ್ಟಿನಲ್ಲಿರುತ್ತದೆ. ಕಿರುಗುಟ್ಟಿದರೆ ಮೇಣ, ಎಣ್ಣೆ ಏನೂ ಸವರಬೇಡಿ. ಬಿಗಿಯನ್ನೇ ಮತ್ತೆ ನೋಡಿ.

ಗಾರ್ಡ್ ವಾಪಸ್ ಹಾಕಿ ಓಡಿಸಿ. ಹೊಸ ಬೆಲ್ಟ್ ಮೊದಲ ದಿನವೇ ಗ್ರೂವಿಗೆ ಕೂತು ಸ್ವಲ್ಪ ಸಡಿಲವಾಗುತ್ತದೆ. ಮಾರನೇ ದಿನ ಯಂತ್ರ ನಿಲ್ಲಿಸಿ, ಮತ್ತೆ ಬೀಗ ಹಾಕಿ, ಇನ್ನೊಮ್ಮೆ ಅಳೆದು ಬಿಗಿ ಮಾಡಿ.