20ರ ಹುಡುಗ 70 ಪಾಯಿಂಟ್ ಹೊಡೆದ, ಸರಿ. ಅವನನ್ನು ನಂಬಿ ತಂಡ ಕಟ್ಟಬಹುದಾ?

2017ರ ಮಾರ್ಚ್ 24ರಂದು ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ, ಬೋಸ್ಟನ್ ಸೆಲ್ಟಿಕ್ಸ್ ವಿರುದ್ಧ ಬೋಸ್ಟನ್‌ನಲ್ಲೇ, ಫೀನಿಕ್ಸ್ ಸನ್ಸ್ ತಂಡದ ಡೆವಿನ್ ಬುಕರ್ 70 ಪಾಯಿಂಟ್ ಹೊಡೆದ. ಆಗ ಅವನಿಗೆ ಬರೀ 20 ವರ್ಷ. ಅಷ್ಟು ಚಿಕ್ಕ ವಯಸ್ಸಿಗೆ ಎನ್‌ಬಿಎ ಪಂದ್ಯವೊಂದರಲ್ಲಿ 60 ದಾಟಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಆದರೆ ಪಂದ್ಯ ಸನ್ಸ್ ಕೈಬಿಟ್ಟಿತು, 130-120. ಕೊನೆಯ ನಿಮಿಷಗಳಲ್ಲಿ ಸನ್ಸ್ ಬೇಕಂತಲೇ ಫೌಲ್ ಮಾಡಿ, ಟೈಮ್‌ಔಟ್ ತೆಗೆದುಕೊಂಡು, ಬಾಲ್ ಮತ್ತೆ ಮತ್ತೆ ಬುಕರ್ ಕೈಗೇ ಬರುವ ಹಾಗೆ ನೋಡಿಕೊಂಡಿತ್ತು. ಸೋತ ಮೇಲೂ ಡ್ರೆಸ್ಸಿಂಗ್ ರೂಮಿನಲ್ಲಿ ನಗುತ್ತಾ ಫೋಟೊ ತೆಗೆಸಿಕೊಂಡಿದ್ದು ಸೆಲ್ಟಿಕ್ಸ್‌ನ ಜೇ ಕ್ರೌಡರ್‌ಗೆ ಹಿಡಿಸಲಿಲ್ಲ, ಎಲ್ಲರ ಮುಂದೆಯೇ ಚುಚ್ಚಿದ. (ಅದೇ ಕ್ರೌಡರ್ 2021ರಲ್ಲಿ ಬುಕರ್ ಜೊತೆ ನಿಂತು ಸನ್ಸ್ ಪರ ಫೈನಲ್ ಆಡಿದ.)

ಆ ರಾತ್ರಿಯ ನಂತರ ವರ್ಷಗಟ್ಟಲೆ ಒಂದೇ ಜಗಳ. ಸೋಲುವ ತಂಡದಲ್ಲೂ ಯಾರಾದರೂ ಒಬ್ಬ ಪಾಯಿಂಟ್ ಹೊಡೆಯಲೇಬೇಕಲ್ವಾ, ಅದರಲ್ಲೇನಿದೆ ಅಂತ ಕೆಲವರು. ಇವನೇ ಮುಂದಿನ ದೊಡ್ಡ ಸ್ಟಾರ್ ಅಂತ ಉಳಿದವರು. ಈಗಲೂ ಪ್ರತಿ ಸೀಸನ್‌ನಲ್ಲಿ ಹೊಸ ಹುಡುಗನೊಬ್ಬನ ಬಗ್ಗೆ ಇದೇ ವಾದ ನಡೆಯುತ್ತದೆ. ವಾದ ಮಾಡುವುದೇ ಆದರೆ ಸರಿಯಾಗಿ ಮಾಡೋಣ. ಹೇಗೆ ಅಂತ ನೋಡಿ.

ಮೊದಲು, ಯಾವ ಪ್ರಶ್ನೆ ಅಂತ ತಿಳಿದುಕೊಳ್ಳಿ

ಫ್ರಾಂಚೈಸಿ ಸ್ಟಾರ್ ಅಂದರೆ ಚೆನ್ನಾಗಿ ಆಡುವವನು ಅಂತಷ್ಟೇ ಅಲ್ಲ. ಆರ್‌ಸಿಬಿಗೆ ಕೊಹ್ಲಿ ಇದ್ದ ಹಾಗೆ, ಉಳಿದವರನ್ನೆಲ್ಲ ಅವನನ್ನು ನೋಡಿಯೇ ಆರಿಸಬೇಕು. ಎನ್‌ಬಿಎಯಲ್ಲಿ ಇದಕ್ಕೆ ದುಡ್ಡಿನ ಲೆಕ್ಕವೂ ಇದೆ. ಮೊದಲ ಒಪ್ಪಂದ ಮುಗಿಯುವ ಹೊತ್ತಿಗೆ ತಂಡವು ಇಂಥ ಹುಡುಗನಿಗೆ ಸಂಬಳದ ಮಿತಿಯ (ಇಡೀ ತಂಡದ ಸಂಬಳಕ್ಕೆ ಲೀಗ್ ಹಾಕುವ ಮಿತಿ) 25 ಶೇಕಡಾದಿಂದ ಶುರುವಾಗುವ 5 ವರ್ಷದ ಒಪ್ಪಂದ ಕೊಡಬಹುದು. ತಪ್ಪು ಆಳಿಗೆ ಕೊಟ್ಟರೆ ಮಿತಿಯ ಕಾಲು ಭಾಗ ವರ್ಷಗಟ್ಟಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಸನ್ಸ್ 2018ರ ಜುಲೈನಲ್ಲಿ ಬುಕರ್‌ಗೆ 158 ಮಿಲಿಯನ್ ಡಾಲರ್ ಬರೆದುಕೊಟ್ಟಿತು. ಅದರ ಹಿಂದಿನ ಸೀಸನ್‌ನಲ್ಲಿ ತಂಡ ಗೆದ್ದದ್ದು 21, ಸೋತದ್ದು 61. ಅಂದರೆ ಗೆಲುವು ನೋಡಿ ತೀರ್ಮಾನ ಮಾಡಲು ಅವರಿಗೆ ಅವಕಾಶವೇ ಇರಲಿಲ್ಲ. ಬೇರೆ ಗುರುತುಗಳನ್ನೇ ನೋಡಬೇಕಿತ್ತು.

ಪಾಯಿಂಟ್ ಬಿಡಿ, ಅದಕ್ಕೆ ಎಷ್ಟು ಶಾಟ್ ಬೇಕಾಯಿತು ನೋಡಿ

ಟ್ರೂ ಶೂಟಿಂಗ್ ಅನ್ನುವ ಲೆಕ್ಕ ಪೆನ್ನು ಪೇಪರಲ್ಲೇ ಆಗುತ್ತದೆ. ಫ್ರೀ ಥ್ರೋಗಳನ್ನು (ಎದುರಾಳಿ ಫೌಲ್ ಮಾಡಿದಾಗ ಸಿಗುವ, ತಲಾ ಒಂದು ಪಾಯಿಂಟ್‌ನ ಎಸೆತ) 0.44ರಿಂದ ಗುಣಿಸಿ. ಅದಕ್ಕೆ ಉಳಿದ ಶಾಟ್‌ಗಳನ್ನು ಕೂಡಿಸಿ. ಬಂದದ್ದನ್ನು ಎರಡರಿಂದ ಗುಣಿಸಿ. ಒಟ್ಟು ಪಾಯಿಂಟನ್ನು ಅದರಿಂದ ಭಾಗಿಸಿ. ಬುಕರ್ ಆ ರಾತ್ರಿ ಎಸೆದದ್ದು 40 ಶಾಟ್, 26 ಫ್ರೀ ಥ್ರೋ. 26ಕ್ಕೆ 11.44 ಬಂತು, 40 ಸೇರಿದರೆ 51.44, ಎರಡು ಪಟ್ಟು 102.88. 70ನ್ನು ಭಾಗಿಸಿದರೆ 68 ಶೇಕಡಾ. ಆ ವರ್ಷ ಇಡೀ ಲೀಗ್‌ನ ಸರಾಸರಿ ಸುಮಾರು 55 ಇತ್ತು, ಹಾಗಾಗಿ ಇದು ಸುಮ್ನೆ ಎಸೆದು ಗುಡ್ಡೆ ಹಾಕಿದ ಪಾಯಿಂಟ್ ಅಲ್ಲವೇ ಅಲ್ಲ.

ಆದರೆ ಇಡೀ ಸೀಸನ್‌ಗೆ ಇದೇ ಲೆಕ್ಕ ಹಾಕಿದರೆ ಬುಕರ್ 53ರ ಹತ್ತಿರ ನಿಲ್ಲುತ್ತಾನೆ, ಸರಾಸರಿಗಿಂತ ಕೆಳಗೆ. ಒಂದು ರಾತ್ರಿ ಮೋಸ ಮಾಡುವುದು ಇಲ್ಲೇ. 2009ರ ನವೆಂಬರ್‌ನಲ್ಲಿ ಮಿಲ್ವಾಕಿಯ ಬ್ರಾಂಡನ್ ಜೆನ್ನಿಂಗ್ಸ್ ತನ್ನ ಮೊದಲ ಸೀಸನ್‌ನಲ್ಲೇ 55 ಹೊಡೆದ. ಆದರೆ ಆ ಸೀಸನ್ ಪೂರ್ತಿ ಅವನ ಶಾಟ್‌ಗಳಲ್ಲಿ ಬಿದ್ದದ್ದು 37 ಶೇಕಡಾ. ಲೀಗ್‌ನ ಅತ್ಯುತ್ತಮರನ್ನು ಆರಿಸುವ ಆಲ್-ಸ್ಟಾರ್ ತಂಡಕ್ಕೆ ಅವನು ಒಮ್ಮೆಯೂ ಸೇರಲಿಲ್ಲ.

ಒಂದು ವರ್ಷದ ಅಂಕಿ ಸಾಲದು, ಎತ್ತ ಕಡೆ ಹೋಗುತ್ತಿದೆ ಅನ್ನೋದು ಮುಖ್ಯ

ನನ್ನ ಪ್ರಕಾರ ಇಡೀ ವಾದದ ಜೀವ ಇರುವುದು ಇಲ್ಲಿ. 2016-17ರಲ್ಲಿ ಬುಕರ್ ಪಂದ್ಯಕ್ಕೆ 22.1 ಪಾಯಿಂಟ್ ಹೊಡೆದ. ಅದೇ ವರ್ಷ ಮಿನೆಸೋಟದ ಆಂಡ್ರ್ಯೂ ವಿಗಿನ್ಸ್ 23.6. ಇಬ್ಬರ ಟ್ರೂ ಶೂಟಿಂಗ್ ಕೂಡ ಹೆಚ್ಚುಕಡಿಮೆ ಒಂದೇ. ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ವಿಗಿನ್ಸ್ 2014ರಲ್ಲಿ ಮೊದಲನೆಯವನು, ಬುಕರ್ 2015ರಲ್ಲಿ 13ನೆಯವನು. 2017ರಲ್ಲಿ ಇವರಿಬ್ಬರಲ್ಲಿ ಒಬ್ಬನನ್ನು ಆರಿಸಿ ಅಂದಿದ್ದರೆ ಬಹಳ ಜನ ವಿಗಿನ್ಸ್ ಅಂದಿರುತ್ತಿದ್ದರು.

ಈಗ ಅಸಿಸ್ಟ್ (ಜೊತೆಗಾರ ಪಾಯಿಂಟ್ ಹೊಡೆಯುವ ಹಾಗೆ ಕೊಟ್ಟ ಪಾಸ್) ನೋಡಿ. ಬುಕರ್‌ದು ವರ್ಷದಿಂದ ವರ್ಷಕ್ಕೆ 2.6, 3.4, 4.7, 6.8. ಟ್ರೂ ಶೂಟಿಂಗ್ 53ರಿಂದ 56, ಆಮೇಲೆ 58, ಅದರ ಮುಂದಿನ ವರ್ಷ 60ರ ಮೇಲೆ. ವಿಗಿನ್ಸ್‌ದು ಮಿನೆಸೋಟದ ಮೊದಲ 5 ಸೀಸನ್ ಅಸಿಸ್ಟ್ 2ರ ಆಸುಪಾಸಿನಲ್ಲೇ ಸುತ್ತಿತು, ಶೂಟಿಂಗ್ ಇನ್ನೂ ಕೆಳಗಿಳಿಯಿತು. ಎದುರಾಳಿಗಳು ಪ್ರತಿ ವರ್ಷ ಹೊಸ ಉಪಾಯ ಹೂಡುತ್ತಾರೆ. ಹುಡುಗ ಅದಕ್ಕೆ ಉತ್ತರ ಕಲಿಯುತ್ತಿದ್ದಾನೋ ಇಲ್ಲವೋ ಅನ್ನುವುದು ಈ ಎರಡು ಸಾಲು ಅಂಕಿಗಳಲ್ಲೇ ಕಾಣುತ್ತದೆ. ಮೂರು ಸೀಸನ್ ಆದರೂ ಪಕ್ಕಪಕ್ಕ ಬರೆದು ನೋಡಿ.

ಹೈಲೈಟ್ಸ್ ಬಿಟ್ಟು ಪೂರ್ತಿ ಪಂದ್ಯ ನೋಡಿ

ಅಮೆರಿಕದ ಸಂಜೆ ಪಂದ್ಯ ನಮಗೆ ಬೆಳಗಿನ ಜಾವ. ಹಾಗಾಗಿ ನಮ್ಮಲ್ಲಿ ಜಾಸ್ತಿ ಜನ ಕಾಫಿ ಜೊತೆ ಹೈಲೈಟ್ಸ್ ನೋಡಿ ಅಭಿಪ್ರಾಯ ಕಟ್ಟಿಕೊಳ್ಳುತ್ತಾರೆ. ಹೈಲೈಟ್ಸ್‌ನಲ್ಲಿ ಕಾಣುವುದು ಬಿದ್ದ ಶಾಟ್ ಮಾತ್ರ. ವಾರಕ್ಕೊಂದು ಪಂದ್ಯವನ್ನಾದರೂ ಪೂರ್ತಿ ನೋಡಿ, ಅದೂ ಅವನು ಶಾಟ್ ಹೊಡೆಯದೇ ಇದ್ದಾಗ ಏನು ಮಾಡುತ್ತಾನೆ ಅಂತ.

ಒಂದು ಸನ್ನಿವೇಶ ಹೇಳುತ್ತೇನೆ, ಅದೊಂದನ್ನೇ ಹಿಡಿದು ನೋಡಿದರೂ ಸಾಕು. ಸ್ಕೋರರ್‌ನ ತಂಡದ ಎತ್ತರದ ಆಟಗಾರ ಬಂದು ಸ್ಕ್ರೀನ್ ಕೊಡುತ್ತಾನೆ, ಅಂದರೆ ಸ್ಕೋರರ್‌ನನ್ನು ಕಾಯುತ್ತಿರುವವನಿಗೆ ಅಡ್ಡ ನಿಲ್ಲುತ್ತಾನೆ. ಎದುರಾಳಿಯ ಇಬ್ಬರೂ ಸ್ಕೋರರ್ ಮೇಲೆ ಮುಗಿಬೀಳುತ್ತಾರೆ. ಇಬ್ಬರು ಇಲ್ಲಿ ಬಂದರು ಅಂದರೆ ಹಿಂದೆ ಅವರ ಕಡೆ ಉಳಿದದ್ದು ಮೂವರು, ನಮ್ಮ ಕಡೆ ನಾಲ್ವರು. ಸ್ಕ್ರೀನ್ ಕೊಟ್ಟವನು ಫ್ರೀ ಥ್ರೋ ಗೆರೆಯ ಹತ್ತಿರ ಖಾಲಿ ಜಾಗಕ್ಕೆ ಓಡುತ್ತಿರುತ್ತಾನೆ. ಬಾಲ್ ಆ ಕ್ಷಣಕ್ಕೇ ಅವನ ಕೈ ಸೇರಿದರೆ ಡಿಫೆನ್ಸ್ ಚೆಲ್ಲಾಪಿಲ್ಲಿ. ಸ್ಕೋರರ್ ಇನ್ನೊಂದು ಡ್ರಿಬಲ್ ಹಾಕಿದನೋ, ಖಾಲಿ ಜಾಗ ಮುಚ್ಚಿಹೋಯಿತು. ಆಮೇಲೆ ಇಬ್ಬರ ಕೈಗಳ ಮೇಲಿಂದ ಕಷ್ಟದ ಶಾಟ್ ಎತ್ತಬೇಕು. ಅದು ಬಿದ್ದರೆ ಹೈಲೈಟ್ಸ್‌ಗೆ ಬರುತ್ತದೆ, ನಾವು ಚಪ್ಪಾಳೆ ಹೊಡೆಯುತ್ತೇವೆ. ಆದರೆ ಆಗಬೇಕಿದ್ದದ್ದು ಪಾಸ್.

ಡಿಫೆನ್ಸ್ ಬಗ್ಗೆ ಒಂದೇ ಮಾತು: ಅವನು ಅದರಲ್ಲಿ ಪ್ರವೀಣ ಆಗಬೇಕಿಲ್ಲ, ಎದುರಾಳಿಗಳು ಪ್ರತಿ ಸಲ ಅವನನ್ನೇ ಹುಡುಕಿಕೊಂಡು ಬರುವ ಹಾಗೆ ಇರಬಾರದು.

ಸುತ್ತ ಯಾರಿದ್ದಾರೆ?

ಇಲ್ಲಿ ಹುಡುಗರಿಗೆ ನಿಜಕ್ಕೂ ಅನ್ಯಾಯ ಆಗುತ್ತದೆ. ಮೊದಲ 5 ಸೀಸನ್‌ನಲ್ಲಿ ಬುಕರ್ ಕಂಡದ್ದು 5 ಕೋಚ್‌ಗಳನ್ನು. 2018-19ರಲ್ಲಿ ತಂಡದಲ್ಲಿ ನೆಚ್ಚಿಕೊಳ್ಳಬಹುದಾದ ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸುವವನು) ಇರಲಿಲ್ಲ. ಬಾಲ್ ತರುವುದು, ಪಾಸ್ ಕೊಡುವುದು, ಪಾಯಿಂಟ್ ಹೊಡೆಯುವುದು ಹೆಚ್ಚಾಗಿ ಅವನ ತಲೆಯ ಮೇಲೇ. ಸನ್ಸ್ ಗೆದ್ದದ್ದು 19. ಇಂಥ ತಂಡದ ಸೋಲನ್ನು 22ರ ಹುಡುಗನ ಲೆಕ್ಕಕ್ಕೆ ಬರೆಯುವುದು ತಪ್ಪು. ಮುಂದಿನ ವರ್ಷ ಕೋಚ್ ಮಾಂಟಿ ವಿಲಿಯಮ್ಸ್ ಬಂದರು, ಪಾಸ್ ಕೊಡುವ ರಿಕಿ ರೂಬಿಯೊ ಬಂದ. 73 ಪಂದ್ಯಕ್ಕೇ 34 ಗೆಲುವು ಬಂತು.

ತನಗಿಂತ ಗಟ್ಟಿ ಜೊತೆಗಾರ ಬಂದಾಗ

ನಿಜವಾದ ಪರೀಕ್ಷೆ ಇದು. 2017ರಲ್ಲಿ ಮಿನೆಸೋಟಕ್ಕೆ ಜಿಮ್ಮಿ ಬಟ್ಲರ್ ಬಂದ. ತಂಡ 2004ರ ನಂತರ ಮೊದಲ ಸಲ ಪ್ಲೇಆಫ್‌ಗೆ ಹೋಯಿತು, ಆದರೆ ವಿಗಿನ್ಸ್ 17.7ಕ್ಕೆ ಇಳಿದ. ಶಾಟ್ ಕಡಿಮೆಯಾದಾಗ ಬೀಳುವ ಪ್ರಮಾಣ ಏರಬೇಕಿತ್ತು, ಅದೂ ಇಳಿಯಿತು. 2020ರಲ್ಲಿ ಸನ್ಸ್‌ಗೆ ಕ್ರಿಸ್ ಪಾಲ್ ಬಂದ. ಬಾಲ್ ಬಹಳ ಹೊತ್ತು ಅವನ ಕೈಯಲ್ಲೇ. ಆದರೂ ಬುಕರ್ 25.6 ಹೊಡೆದ, ಟ್ರೂ ಶೂಟಿಂಗ್ ಸ್ವಲ್ಪ ಇಳಿದರೂ 58ರ ಮೇಲೇ ನಿಂತಿತು. ಬಾಲ್ ಇಲ್ಲದೆ ಓಡಿ ಜಾಗ ಹುಡುಕಿಕೊಳ್ಳುವುದು ಅವನಿಗೆ ಮೊದಲಿಂದ ಗೊತ್ತಿತ್ತು. ಸನ್ಸ್ 51-21, ಫೈನಲ್‌ವರೆಗೆ. ಮೊದಲ ಸುತ್ತಿನ 6ನೇ ಪಂದ್ಯದಲ್ಲಿ, ಹಿಂದಿನ ವರ್ಷದ ಚಾಂಪಿಯನ್ ಲೇಕರ್ಸ್‌ನ ಅಂಗಳದಲ್ಲೇ, ಬುಕರ್ 47 ಹೊಡೆದು ಅವರನ್ನು ಮನೆಗೆ ಕಳಿಸಿದ.

ವಿಗಿನ್ಸ್‌ನನ್ನು ಸೋತವನು ಅನ್ನಬೇಡಿ. ಆಮೇಲೆ ಅವನು ಗೋಲ್ಡನ್ ಸ್ಟೇಟ್ ವಾರಿಯರ್ಸ್ ಸೇರಿದ, 2022ರಲ್ಲಿ ಆ ತಂಡ ಕಪ್ ಗೆದ್ದಾಗ ಎದುರಾಳಿಯ ದೊಡ್ಡ ಸ್ಕೋರರ್‌ಗಳನ್ನು ಕಟ್ಟಿಹಾಕಿದವನು ಅವನೇ. ಅವನಿಗೆ ಹೊಂದುವ ಕೆಲಸ ಬೇರೆ ಇತ್ತು, ಅಷ್ಟೇ.

ಕಪ್ ಪ್ರಶ್ನೆಯನ್ನು ಇದರ ಜೊತೆ ಬೆರೆಸಬೇಡಿ

ಬುಕರ್ ಆ 2021ರ ಫೈನಲ್ ಸೋತ, 4-2. 2025ರಲ್ಲಿ ಸನ್ಸ್ ಇತಿಹಾಸದಲ್ಲೇ ಅತಿ ಹೆಚ್ಚು ಪಾಯಿಂಟ್ ಹೊಡೆದವನಾದ, ಅದೇ ಸೀಸನ್ ತಂಡ ಪ್ಲೇಆಫ್‌ಗೂ ಹೋಗಲಿಲ್ಲ. ಕಪ್ ಇಲ್ಲ, ಹಾಗಾಗಿ ಸ್ಟಾರ್ ಅಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಂಡ ಕಟ್ಟಬಹುದಾದ ಆಟಗಾರನಾ ಅನ್ನುವುದು ಒಂದು ಪ್ರಶ್ನೆ, ಕಪ್ ಗೆಲ್ಲುವ ತಂಡದ ಮೊದಲ ಆಟಗಾರನಾ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಹೌದು ಅನ್ನಿಸಿಕೊಂಡವನು ಬೇಕಾದರೆ ಒಕ್ಲಹೋಮ ಸಿಟಿಯ ಶೇ ಗಿಲ್ಜಸ್-ಅಲೆಕ್ಸಾಂಡರ್‌ನನ್ನು ನೋಡಿ. 2021-22ರಲ್ಲಿ ಅವನ ತಂಡ 24-58, ಬುಕರ್ 70 ಹೊಡೆದ ಸೀಸನ್‌ನಲ್ಲಿ ಸನ್ಸ್ ಇದ್ದಷ್ಟೇ. ಆಗ ಅವನ ಮೇಲೂ ಇದೇ ಅನುಮಾನ ಇತ್ತು. ಮುಂದಿನ ವರ್ಷ 40 ಗೆಲುವು, ಆಮೇಲೆ 57, ಆಮೇಲೆ 68, ಮತ್ತು 2025ರ ಕಪ್.