ಸೊಪ್ಪಿನ ಬೆಟ್ಟದ ಅಂಚಿನಲ್ಲಿ ಶರದೃತುವಿನ ಚಿಟ್ಟೆಗಳು

ಮಳೆ ಹಿಂದೆ ಸರಿದು ಆಶ್ವಯುಜದ ಬಿಸಿಲು ಬಲಿಯುವ ಹೊತ್ತಿಗೆ ಶಿರಸಿ ಸೀಮೆಯ ಸೊಪ್ಪಿನ ಬೆಟ್ಟಗಳ, ಎಂದರೆ ಅಡಿಕೆ ತೋಟಕ್ಕೆ ಸೊಪ್ಪು ಕಡಿದು ತರುವ ಕಾಡುಗಳ, ಅಂಚಿನಲ್ಲಿ ಕ್ರೊಟಲೇರಿಯಾ ಕುಲದ ಗಿಡಗಳು ಹಳದಿ ಹೂಗಳ ಜೊತೆಗೇ ಕಾಯಿ ಕಟ್ಟತೊಡಗುತ್ತವೆ. ಒಣಗಿದ ಕಾಯನ್ನು ಅಲುಗಿಸಿದರೆ ಬೀಜ ಗಿಲಿಗಿಲಿ ಎನ್ನುವುದರಿಂದ ಹಳ್ಳಿಯ ಮಕ್ಕಳೆಲ್ಲ ಇದನ್ನು ಬಲ್ಲರು. ಶರದೃತುವಿನ ಕೀಟಗಳನ್ನು ಗಮನಿಸಲು ನಾನು ಕಾಡೆಲ್ಲ ಸುತ್ತುವುದಿಲ್ಲ. ಈ ಗಿಡಗಳ ಒಂದು ಗುಂಪನ್ನು ಆರಿಸಿಕೊಂಡು ಕಾರ್ತಿಕ ಮುಗಿಯುವವರೆಗೂ ಅಲ್ಲಿಗೇ ಹೋಗಿ ಕೂರುತ್ತೇನೆ.

ಇಬ್ಬನಿ ಆರಿ ಎಲೆಗಳು ಬೆಚ್ಚಗಾದ ಮೇಲೆ, ಎಂದರೆ ಬೆಳಗಿನ 9ರಿಂದ 11 ಗಂಟೆಯ ನಡುವೆ, ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್ ಮತ್ತು ಕಾಮನ್ ಕ್ರೋ ಚಿಟ್ಟೆಗಳು ಬಂದು, ಅರಳಿದ ಹೂವನ್ನು ಬಿಟ್ಟು, ಹುಳು ಕಡಿದ ಎಲೆಗೂ ಬಾಡಿದ ಟೊಂಗೆಗೂ ಮುತ್ತಿಕೊಳ್ಳುತ್ತವೆ. ಅವು ಎಲೆಯನ್ನು ಕಾಲಿನಿಂದ ಕೆರೆದು ಒಸರಿದ ರಸಕ್ಕೆ ಸೊಂಡಿಲು ಚಾಚುತ್ತವೆ. ಒಣಗಿದ ಭಾಗವಾದರೆ ಸೊಂಡಿಲಿನಿಂದಲೇ ದ್ರವ ಬಿಟ್ಟು ನೆನೆಸಿ ಹೀರುತ್ತವೆ. ಅವಕ್ಕೆ ಬೇಕಾದದ್ದು ಪೈರೊಲಿಜಿಡೀನ್ ಆಲ್ಕಲಾಯ್ಡ್ ಎಂಬ ವಿಷ. ದನಕರುಗಳ ಯಕೃತ್ತನ್ನು ಕೆಡಿಸುವ ಇದೇ ವಸ್ತು ಚಿಟ್ಟೆಯ ಮೈಯಲ್ಲಿ ಸೇರಿಕೊಂಡು ಹಕ್ಕಿಗಳಿಗೆ ಅದನ್ನು ಅರುಚಿಯಾಗಿಸುತ್ತದೆ. ಗಂಡು ಚಿಟ್ಟೆಗಳು ಹೆಣ್ಣನ್ನು ಒಲಿಸುವ ಸುವಾಸನೆಯನ್ನೂ ಇದರಿಂದಲೇ ತಯಾರಿಸಿಕೊಳ್ಳುತ್ತವೆ.

ಹೀಗಾಗಿ ಇಲ್ಲಿ ಸೇರುವವು ಬಹುಪಾಲು ಗಂಡುಗಳೇ. ಪುಸ್ತಕದ ಮಾತನ್ನು ನಂಬಿ ಬರೆದುಕೊಳ್ಳುವುದಕ್ಕಿಂತ ಕಣ್ಣಾರೆ ಖಚಿತಪಡಿಸಿಕೊಳ್ಳುವುದು ಮೇಲು ಎಂದು, ರೆಕ್ಕೆ ಮಡಚಿ ಕುಳಿತ ಚಿಟ್ಟೆಗಳ ಚಿತ್ರವನ್ನು ಪಕ್ಕದಿಂದ ತೆಗೆಯುತ್ತೇನೆ. ಟೈಗರ್‌ಗಳ ಗಂಡಿನಲ್ಲಿ ಹಿಂದಿನ ರೆಕ್ಕೆಯ ತಳಭಾಗದಲ್ಲಿ ಒಂದು ಪುಟ್ಟ ಚೀಲ ಉಬ್ಬಿ ಕಾಣುತ್ತದೆ. ಕಾಮನ್ ಕ್ರೋ ಗಂಡಿಗೆ ಮುಂದಿನ ರೆಕ್ಕೆಯ ಮೇಲ್ಭಾಗದಲ್ಲಿ ಒಂದು ಗೆರೆಯಂಥ ಗುರುತಿದ್ದು, ಡಬಲ್ ಬ್ರ್ಯಾಂಡೆಡ್ ಕ್ರೋಗೆ ಅಂಥವು ಎರಡಿರುತ್ತವೆ. ಆದರೆ ರೆಕ್ಕೆ ಬಿಚ್ಚುವವರೆಗೆ ಕಾಯುವ ತಾಳ್ಮೆ ಬೇಕು.

ಗಿಡಕ್ಕೆ ಗಾಯ ಮಾಡುವ ಮತ್ತೊಂದು ಜೀವಿಯನ್ನು ಬಹಳ ಮಂದಿ ನೋಡದೆ ದಾಟಿಹೋಗುತ್ತಾರೆ. ಕಾಯಿಯಲ್ಲಿ ದುಂಡನೆಯ ತೂತು ಕಂಡರೆ ಬಿಡಿಸಿ ನೋಡುತ್ತೇನೆ: ಒಳಗೆ ಬೀಜ ತಿನ್ನುವ ಯುಟೆಥೀಸಾ ಪತಂಗದ ಮರಿಹುಳು ಎಷ್ಟೋ ಸಲ ಸಿಗುತ್ತದೆ. ಬಿಳಿ ರೆಕ್ಕೆಯ ಮೇಲೆ ಕೆಂಪು, ಕಪ್ಪು ಚುಕ್ಕೆಗಳಿರುವ ಈ ಪತಂಗ ಹಗಲಲ್ಲೇ ಹಾರುತ್ತದೆ. ಚಿಟ್ಟೆಗಳು ದೊಡ್ಡವಾದ ಮೇಲೆ ಹುಡುಕಿಕೊಂಡು ಬರುವ ವಿಷವನ್ನು ಇದು ಹುಳುವಾಗಿದ್ದಾಗಲೇ ತಿಂದು ಕೂಡಿಟ್ಟುಕೊಂಡಿರುತ್ತದೆ.

ಗಿಡವೆಲ್ಲ ಹಸಿರಾಗಿದ್ದು ಚಿಟ್ಟೆ ಬಾರದಿದ್ದರೆ, ಒಂದು ಟೊಂಗೆಯನ್ನು ಮುರಿದು ಅಲ್ಲೇ ಜೋತುಬಿಟ್ಟು, ಅದು ಬಾಡಿದ ಮೇಲೆ ಮತ್ತೆ ಹೋಗುತ್ತೇನೆ. ಗದ್ದೆಯ ಬದುವಿನ ಚೇಳುಕೊಂಡಿ ಗಿಡವನ್ನು ಕಿತ್ತು ಒಣಗಿಸಿ ನೇತುಹಾಕಿದರೂ ಇದೇ ಚಿಟ್ಟೆಗಳು ಬರುತ್ತವೆ, ಏಕೆಂದರೆ ಅದರಲ್ಲಿಯೂ ಅದೇ ಜಾತಿಯ ಆಲ್ಕಲಾಯ್ಡ್ ಇದೆ. ಈ ಎರಡು ಗಿಡಗಳಲ್ಲಿ ಯಾವುದನ್ನು ಮುಟ್ಟಿದರೂ ಕೈ ತೊಳೆಯಬೇಕು. ಮುರಿದದ್ದನ್ನು ದನ ಮೇಯುವ ಕಡೆ ಬಿಡಬಾರದು.

ದಿನಾಂಕ, ಮೋಡ ಅಥವಾ ಬಿಸಿಲು, ಗಿಡದ ಸ್ಥಿತಿ, ಪ್ರತಿ ಬಗೆಯ ಚಿಟ್ಟೆಯ ಸಂಖ್ಯೆ, ಇಷ್ಟನ್ನು ಅಲ್ಲೇ ಕುಳಿತು ಬರೆಯುತ್ತೇನೆ. ಹಾರಿಹೋಗುವ ದಿಕ್ಕನ್ನೂ ಸೇರಿಸುತ್ತೇನೆ. ಮುಂಗಾರಿಗೆ ಮುನ್ನ ಘಟ್ಟದಿಂದ ಪೂರ್ವದ ಬಯಲಿಗೂ, ಹಿಂಗಾರಿನ ಸುಮಾರಿಗೆ ಮರಳಿ ಘಟ್ಟದತ್ತಲೂ ಗುಂಪಾಗಿ ವಲಸೆ ಹೋಗುವ ಚಿಟ್ಟೆಗಳಿವು. ಕಾರ್ತಿಕ ಕಳೆಯುತ್ತಿದ್ದಂತೆ ಕಮ್ಯುನಿಸ್ಟ್ ಗಿಡ ಹೂ ಬಿಡುತ್ತದೆ. ಅಮೆರಿಕದಿಂದ ಬಂದು ಬೆಟ್ಟವನ್ನೆಲ್ಲ ನುಂಗಿದ ಈ ಕಳೆಯ ಬಗ್ಗೆ ನನಗೆ ಒಲವಿಲ್ಲವಾದರೂ, ಅದರ ಹೂವಿನಲ್ಲಿಯೂ ಇಂಥದೇ ಆಲ್ಕಲಾಯ್ಡ್ ಇರುವುದರಿಂದ, ಆಮೇಲಿನ ಎಣಿಕೆಯನ್ನು ಬೇರೊಂದು ಪುಟದಲ್ಲಿ ಬರೆದಿಡುತ್ತೇನೆ.