ಸೀಟು ವಿಜಯನಗರದಲ್ಲಿ, ಸೈಕಲ್ ಜ್ಞಾನಭಾರತಿಯಲ್ಲಿ

"ಬಸ್ ಫ್ರೀ ಇರುವಾಗ ಸೈಕಲ್ ತುಳಿಯೋಕೆ ನಿನಗೇನು ಹುಚ್ಚೇನೇ?" ನಮ್ಮ ಲ್ಯಾಬಿನ ಸೀನಿಯರ್ ಅಕ್ಕ ಹೀಗೆ ಕೇಳಿದ್ದು ಕ್ಯಾಂಟೀನಿನಲ್ಲಿ, ಎಲ್ಲರ ಮುಂದೆ. ಒಂದೂವರೆ ವರ್ಷ ಆಯಿತು. ಮೊನ್ನೆ ಅವರೇ ಬಂದು "ಆ ಫ್ರೀವೀಲ್ ಎಲ್ಲಿ ಹಾಕಿಸಿದೆ?" ಅಂದರು, ನನ್ನ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲಿನ ಬಿಲ್ಲೆ ತೋರಿಸಿ. ಆ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ ನೋಡಿದವರಿಗೆ ನನ್ನ ಕಷ್ಟ ಗೊತ್ತು. ಸುಮಾರು 1,100 ಎಕರೆ. ವಿಭಾಗ ಒಂದು ಮೂಲೆ, ಲೈಬ್ರರಿ ಇನ್ನೊಂದು ಮೂಲೆ, ಆಡಳಿತ ಕಚೇರಿ ಮತ್ತೊಂದು ಕಡೆ. ಚಲನ್ ಕಟ್ಟಿ, ಸಹಿ ಹಾಕಿಸಿ ವಾಪಸ್ ಬರುವಷ್ಟರಲ್ಲಿ ಊಟದ ಹೊತ್ತು ಮೀರಿರುತ್ತದೆ. ನಾನು ಬರುವುದು ವಿಜಯನಗರದಿಂದ. 2021ರ ಆಗಸ್ಟ್ ಕೊನೆಗೆ ಮೆಟ್ರೋ ಕೆಂಗೇರಿವರೆಗೆ ಬಂತಲ್ಲ, ಹಾಗಾಗಿ ಜ್ಞಾನಭಾರತಿ ಸ್ಟೇಷನ್‌ವರೆಗೆ ಚಿಂತೆಯಿಲ್ಲ. ಆರು ಸ್ಟಾಪು, ಕಾಲು ಗಂಟೆ. ಇಳಿದ ಮೇಲೆ ಎರಡು ಕಿಲೋಮೀಟರ್ ಚಿಲ್ಲರೆ ಇದೆ ನೋಡಿ, ತಲೆನೋವು ಅಲ್ಲಿಂದ. ಮೈಸೂರು ರಸ್ತೆ ಇರುವುದು ವೃಷಭಾವತಿ ನದಿಯ ತಗ್ಗಿನಲ್ಲಿ. ನಮ್ಮ ವಿಭಾಗಕ್ಕೆ ಅಲ್ಲಿಂದ ಏರಿಕೊಂಡೇ ಹೋಗಬೇಕು.

ಮೊದಲ ವರ್ಷ ಎಲ್ಲವನ್ನೂ ಮಾಡಿ ನೋಡಿದೆ. ನಡೆದರೆ ಅರ್ಧ ಗಂಟೆ. ಜನವರಿಯಲ್ಲಿ ಸೊಗಸು, ಮಾರ್ಚಿನಲ್ಲಿ ಲ್ಯಾಬ್ ಸೇರುವಾಗ ದುಪಟ್ಟಾ ಹಿಂಡಬಹುದು. ಆಟೋಗೆ 50, ಮಳೆ ಬಂದರೆ 80. ತಿಂಗಳಿಗೆ ಎರಡು ಸಾವಿರದ ಮೇಲೆ ಹೋಯಿತು, ಅದೂ ಫೆಲೋಶಿಪ್ ದುಡ್ಡು ನಾಲ್ಕು ತಿಂಗಳಿಂದ ಬಾರದಿದ್ದಾಗ. ಅಪ್ಪನ ಸ್ಕೂಟಿಯನ್ನು ಇಪ್ಪತ್ತು ದಿನ ಓಡಿಸಿದೆ. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ನಿಂತು ನಿಂತು ಸಾಕಾಗಿ ಕೀ ವಾಪಸ್ ಕೊಟ್ಟೆ. ಬಾಡಿಗೆ ಎಲೆಕ್ಟ್ರಿಕ್ ಗಾಡಿಯ ಆಪ್ ಕೂಡ ಹಾಕಿಕೊಂಡೆ. ನನಗೆ ಬೇಕಾದ ದಿನ ಹತ್ತಿರದಲ್ಲಿ ಒಂದು ಗಾಡಿಯೂ ಇರುತ್ತಿರಲಿಲ್ಲ, ಅಷ್ಟೇ.

ಇನ್ನು ಬಸ್ಸು. 2023ರ ಜೂನ್ 11ರಿಂದ ನಮಗೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹತ್ತಿದರೆ ಆರು ನಿಮಿಷ. ಕಾಯುವುದು ಮಾತ್ರ ಒಂದು ದಿನ ಮೂರು ನಿಮಿಷ, ಇನ್ನೊಂದು ದಿನ ಇಪ್ಪತ್ತೈದು. ಎರಡು ವಾರ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟೆ, ಸರಾಸರಿ ಹದಿನೈದರ ಸುತ್ತಮುತ್ತ ಬಂತು. ಬಸ್ಸಿನ ತಪ್ಪು ಅನ್ನುವುದಿಲ್ಲ, ನಾನು ಓಡಾಡುವ ಹೊತ್ತೇ ವಿಚಿತ್ರ. ಆದರೆ ವಿಭಾಗದಿಂದ ಲೈಬ್ರರಿಗೆ, ಲೈಬ್ರರಿಯಿಂದ ಆಡಳಿತ ಕಚೇರಿಗೆ ಬಸ್ ನಂಬಿಕೊಂಡರೆ ಆಗುವ ಕೆಲಸವಲ್ಲ ಅಲ್ವಾ?

ಆಮೇಲೆ ದೊಡ್ಡ ಎಡವಟ್ಟು ಮಾಡಿದೆ. ಮಡಚುವ ಸೈಕಲ್ ಮೆಟ್ರೋದಲ್ಲಿ ಒಯ್ಯಬಹುದು ಅಂತ ಓದಿದ್ದೆ. ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು, 9,500 ರೂಪಾಯಿ. ಕೊಂಡ ಮೇಲೆ ಟೇಪ್ ಹಿಡಿದೆ! ಮಡಚಿದರೂ 80 ಸೆಂಟಿಮೀಟರ್ ಉದ್ದ. ಮೆಟ್ರೋ ನಿಯಮ 60 ಸೆಂಟಿಮೀಟರ್. ಅದೂ ಸಾಲದು ಅಂತ 13 ಕೆಜಿ ಭಾರ. ಮನೆಯ ಎರಡನೇ ಮಹಡಿಯಿಂದ ಇಳಿಸುವಷ್ಟರಲ್ಲೇ ಭುಜ ಹಿಡಿದುಕೊಂಡಿತು. 7,000ಕ್ಕೆ ಮಾರಿದೆ. ಎರಡೂವರೆ ಸಾವಿರ ನೀರಿಗೆ ಹಾಕಿದ ಹಾಗೆ. ಅಮ್ಮ ಇವತ್ತಿಗೂ ಆಡಿಕೊಳ್ಳುತ್ತಾರೆ.

ಅದು ಹೋದ ಮೇಲೆ ಬುದ್ಧಿ ಬಂತು. ಸೈಕಲ್ ನನ್ನ ಜೊತೆ ಮನೆಗೆ ಯಾಕೆ ಬರಬೇಕು? ರಾತ್ರಿ ಸ್ಟೇಷನ್ ಕಡೆಯೇ ಮಲಗಲಿ. ಬೆಳಿಗ್ಗೆ ಇಳಿದು ಏರಿಕೊಂಡು ಹೋಗುವುದು, ಹಗಲೆಲ್ಲ ಕ್ಯಾಂಪಸ್ ಸುತ್ತುವುದು, ಸಂಜೆ ಇಳಿಜಾರಿನಲ್ಲಿ ಸುಮ್ನೆ ಕೂತು ವಾಪಸ್ ಬರುವುದು.

1,800 ಕೊಟ್ಟು ಹಳೇ ಲೇಡೀಸ್ ಸೈಕಲ್ ತಂದೆ. ಬೇಕಂತಲೇ ಕುರೂಪವಾದದ್ದನ್ನು ಆರಿಸಿದೆ. ಇನ್ನೂ ಕೆಡಿಸೋಣ ಅಂತ ಮನೆಯಲ್ಲಿ ಉಳಿದಿದ್ದ ಗೇಟಿನ ಪೇಂಟ್ ಬಳಿದೆ. ಆದರೂ ಒಂಬತ್ತನೇ ದಿನಕ್ಕೆ ಸೀಟು ಮಾಯ. ಸೈಕಲ್ ಇದೆ, ಬೀಗ ಇದೆ, ಸೀಟು ಇಲ್ಲ. ಹೊಸದಕ್ಕೆ 250. ಮೂರು ವಾರಕ್ಕೆ ಅದೂ ಹೋಯಿತು.

ಆಗ ಸೈಕಲ್ ಶಾಪ್ ಅಂಕಲ್ ಹತ್ತಿರ ಸೀಟಿನ ಬೋಲ್ಟ್ ತೆಗೆಸಿ, ಸ್ಪ್ಯಾನರ್ ಇಲ್ಲದೆ ಕೈಯಲ್ಲೇ ಬಿಚ್ಚುವ ಕ್ಲಾಂಪ್ ಹಾಕಿಸಿದೆ. ಈಗ ಸೀಟು, ಪೈಪು ಎರಡನ್ನೂ ಕಿತ್ತು ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಬರುತ್ತೇನೆ. ಮೊದಲ ದಿನ ವಿಜಯನಗರ ಸ್ಟೇಷನ್ನಿನಲ್ಲಿ ಬ್ಯಾಗ್ ಸ್ಕ್ಯಾನರ್ ಒಳಗೆ ಹೋಗಿ ನಿಂತೇಬಿಟ್ಟಿತು.

"ಮೇಡಂ, ಒಳಗೆ ಏನು ಕಬ್ಬಿಣದ ಪೈಪು?" ಅಂದರು ಸೆಕ್ಯೂರಿಟಿಯವರು.

ತೆಗೆದು ತೋರಿಸಿದೆ. ಹಿಂದೆ ಕ್ಯೂ ಬೆಳೆಯುತ್ತಿತ್ತು.

"ಸೈಕಲ್ ಎಲ್ಲಿ?"

"ಜ್ಞಾನಭಾರತಿಯಲ್ಲಿದೆ."

"ಸೀಟು ಇಲ್ಲಿ, ಸೈಕಲ್ ಅಲ್ಲಿಯಾ?" ಅಂತ ಪಕ್ಕದವರಿಗೂ ತೋರಿಸಿ ನಕ್ಕು ಬಿಟ್ಟರು. ಈಗ ನಾನು ಅವರಿಗೆ "ಸೀಟ್ ಮೇಡಂ". ಪೈಪಿಗೆ ಹಾಲಿನ ಕವರ್ ಸುತ್ತುವುದನ್ನು ಮರೆಯಬೇಡಿ. ಗೈಡ್‌ಗೆ ಕೊಡಬೇಕಿದ್ದ ಥೀಸಿಸ್ಸಿನ ಎರಡನೇ ಅಧ್ಯಾಯದ ಪ್ರಿಂಟ್ ನನ್ನದು ಗ್ರೀಸಿನಲ್ಲಿ ಮಿಂದಿತ್ತು.

ಏರಿನ ವಿಷಯ ಉಳಿಯಿತು. ಅರ್ಧದಲ್ಲೇ ಇಳಿದು ತಳ್ಳುತ್ತಿದ್ದೆ, ಬಸ್ಸಿನ ಕಿಟಕಿಯಿಂದ ನಮ್ಮ ಲ್ಯಾಬಿನವರೇ ಕೈ ಬೀಸುತ್ತಿದ್ದರು. ಗೇರ್ ಸೈಕಲ್ ಕೊಳ್ಳು ಅಂದರು. ನಾನು ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 22ರದ್ದು ಹಾಕಿಸಿದೆ, ಹಲ್ಲು ಹೆಚ್ಚಿದಷ್ಟೂ ತುಳಿಯುವುದು ಹಗುರ. "ಸ್ಪೀಡ್ ಬರಲ್ಲಮ್ಮ" ಅಂದರು ಅಂಕಲ್. "ಏರು ಹತ್ತಿದರೆ ಸಾಕು ಅಂಕಲ್" ಅಂದೆ. ಚೈನು ಗಿಡ್ಡವಾಯಿತು, ಹಳೇ ಚೈನಿನ ತುಂಡು ಸೇರಿಸಿ ಉದ್ದ ಮಾಡಿದರು. ಒಂದು ವಾರ ಟಿಕ್ ಟಿಕ್ ಅನ್ನುತ್ತಿತ್ತು, ಆಮೇಲೆ ಹೊಂದಿಕೊಂಡಿತು. ಎಲ್ಲ ಸೇರಿ 300ರ ಒಳಗೆ. ಈಗ ಕೆಳಗಿನಿಂದ ಮೇಲಿನವರೆಗೆ ಇಳಿಯುವುದೇ ಇಲ್ಲ. ಹನ್ನೊಂದು ನಿಮಿಷ, ಜಾಸ್ತಿ ಅಂದರೆ ಹದಿಮೂರು. ವಿಭಾಗದ ಇಬ್ಬರು ಹುಡುಗರು ಗೇರ್ ಸೈಕಲ್ ತಂದು ನನಗಿಂತ ಮೊದಲೇ ಏದುಸಿರು ಬಿಟ್ಟರು, ಅದನ್ನೂ ಹೇಳಿಬಿಡುತ್ತೇನೆ.

ನಡುವೆ ಕ್ಯಾಂಪಸ್ಸಿನ ಕಾಡು, ಅಂದರೆ ಬಯೋಪಾರ್ಕ್ ಕಡೆಯ ಮಣ್ಣಿನ ದಾರಿಯ ಹುಚ್ಚೂ ಹಿಡಿದಿತ್ತು. ನೆರಳು, ನವಿಲಿನ ಕೂಗು, ಗಾಡಿಗಳ ಕಾಟವಿಲ್ಲ. ಒಂದೇ ವಾರದಲ್ಲಿ ಮೂರು ಪಂಕ್ಚರ್, ಮೂರೂ ಜಾಲಿ ಮುಳ್ಳು. ಹಳೇ ಟ್ಯೂಬ್ ಸೀಳಿ ಟೈರಿನ ಒಳಗೆ ಹಾಸಿದೆ. ಪಂಕ್ಚರ್ ನಿಂತಿತು, ಸೈಕಲ್ ಎಮ್ಮೆಯ ಹಾಗೆ ಭಾರ ಆಯಿತು. ಈಗ ಹಿಂದಿನ ಚಕ್ರಕ್ಕೆ ಮಾತ್ರ ಇಟ್ಟುಕೊಂಡು ಟಾರ್ ರಸ್ತೆಗೇ ಮರಳಿದ್ದೇನೆ. ಆದರೆ ಬೆಳಿಗ್ಗೆ ಎಂಟೂವರೆಯ ಒಳಗೆ ಮೇಲೆ ಸೇರಿಬಿಡುತ್ತೇನೆ. ಆಮೇಲೆ ನಾಗರಬಾವಿ ಕಡೆಗೂ ಮೈಸೂರು ರಸ್ತೆಗೂ ಅಡ್ಡದಾರಿ ಹಿಡಿಯುವ ಗಾಡಿಗಳೆಲ್ಲ ನಮ್ಮ ಕ್ಯಾಂಪಸ್ಸಿನೊಳಗೇ ಇರುತ್ತವೆ. 2022ರ ಅಕ್ಟೋಬರಿನಲ್ಲಿ ವಿದ್ಯಾರ್ಥಿನಿಯೊಬ್ಬರು ಒಳರಸ್ತೆಯಲ್ಲೇ ಅಪಘಾತಕ್ಕೆ ಸಿಕ್ಕಾಗ ವಿದ್ಯಾರ್ಥಿಗಳು ಧರಣಿ ಕೂತಿದ್ದರು, ಹೊರಗಿನ ಗಾಡಿ ಬೇಡ ಅಂತ. ಅಮ್ಮನಿಗೆ ಅದು ಮರೆತಿಲ್ಲ, ನನಗೂ ಇಲ್ಲ. ಹೆಲ್ಮೆಟ್ ಬಗ್ಗೆ ಯಾರು ನಕ್ಕರೂ ತಲೆಕೆಡಿಸಿಕೊಳ್ಳುವುದಿಲ್ಲ.

ರಾತ್ರಿ ಸೈಕಲ್ ಎಲ್ಲಿ ಮಲಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಹೇಳುವುದಿಲ್ಲ. ಹೇಳಿದರೆ ನಾಳೆ ಅಲ್ಲಿ ಹತ್ತು ಸೈಕಲ್ ನಿಂತಿರುತ್ತವೆ. ತಿಂಗಳಿಗೆ 150 ಕೊಡುತ್ತೇನೆ, ಸಂಕ್ರಾಂತಿಗೆ ಎಳ್ಳುಬೆಲ್ಲ. ಏರಿನಲ್ಲಿ ಸೀಟು ತಿರುಗದ ಹಾಗೆ ಕ್ಲಾಂಪಿನೊಳಗೆ ಒಂದು ವಸ್ತು ಇಡುತ್ತೇನೆ, ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸೈಕಲ್, ಎರಡು ಹೋದ ಸೀಟಿನ ಲೆಕ್ಕ, 400ರ ಬೀಗ, ಫ್ರೀವೀಲ್, ಕ್ಲಾಂಪು, ಪಂಕ್ಚರ್ ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ ಆಗಿರಬೇಕು. ಮಡಚುವ ಸೈಕಲ್ಲಿನ ನಷ್ಟ ಇದರಲ್ಲಿ ಸೇರಿಲ್ಲ, ಸೇರಿಸುವ ಮನಸ್ಸೂ ಇಲ್ಲ. ಎರಡು ತಿಂಗಳ ಆಟೋ ದುಡ್ಡಿಗಿಂತ ಕಡಿಮೆಯೇ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದ ಏಟು ಕೂಡ ಅದರಿಂದಲೇ ಅಷ್ಟಾಗಿ ತಟ್ಟಲಿಲ್ಲ.

ಮಳೆಗಾಲದ ಉಪಾಯ ಇನ್ನೂ ಸರಿಹೋಗಿಲ್ಲ. ಜೋರು ಮಳೆ ಬಂದ ದಿನ ನಾನೂ ಆ ಫ್ರೀ ಬಸ್ಸೇ ಹತ್ತುತ್ತೇನೆ, ಸೀಟನ್ನು ತೊಡೆಯ ಮೇಲಿಟ್ಟುಕೊಂಡು. ಸಂಜೆಯ ಇಳಿಜಾರಿಗೆ ಬ್ರೇಕ್ ಶೂ ಎರಡು ತಿಂಗಳಿಗೇ ಸವೆಯುತ್ತಿದೆ. ಜೋಡಿಗೆ 40 ರೂಪಾಯಿ. ಇದಕ್ಕಿಂತ ಗಟ್ಟಿಯಾದದ್ದು ಯಾರಾದರೂ ಹಾಕಿಸಿದ್ದರೆ ಹೇಳಿ.